ಗೆರೆಯಿಲ್ಲದ ದಾಸ್ಯ: ಅಮೆರಿಕದ ಅಂತರ್ಯುದ್ಧ ಮತ್ತು ಕನ್ನಡ ನಾಡಿನ ಜೀತಪದ್ಧತಿ

1

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದಾಸ್ಯದ ಪ್ರಶ್ನೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನು ಇಬ್ಭಾಗಿಸಿ, ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಯುದ್ಧಕ್ಕೆ ಕಾರಣವಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1843ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟ ಭಾರತದಲ್ಲಿ ದಾಸ್ಯಕ್ಕಿದ್ದ ಕಾನೂನಿನ ಮಾನ್ಯತೆಯನ್ನು ನಾಲ್ಕೇ ಕಲಮುಗಳ ಒಂದು ಕಾಯಿದೆ ಹಿಂತೆಗೆದುಕೊಂಡಿತು. ಅದಕ್ಕಾಗಿ ಯಾರೂ ಕತ್ತಿ ಹಿರಿಯಲಿಲ್ಲ. ಯಾವ ಸೀಮೆಯೂ ಒಡೆಯಲಿಲ್ಲ. ಆದರೆ 'ಜೀತ' ಎಂಬ ಹೆಸರಿನಲ್ಲಿ ಅದೇ ಸಂಬಂಧವು ಮುಂದುವರಿದು, ಅದನ್ನು ರದ್ದುಪಡಿಸಲು 1976ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. ನಡುವಿನ ಅಂತರ ನೂರಮೂವತ್ತಮೂರು ವರ್ಷಗಳು.

ದಾಸ್ಯವು ಅಲ್ಲಿ ಯುದ್ಧವಾಗಿ ಸಿಡಿದದ್ದೇಕೆ, ಇಲ್ಲಿ ಸದ್ದಿಲ್ಲದೆ ಉಳಿದದ್ದೇಕೆ? ಈ ಪ್ರಶ್ನೆ ಕೇವಲ ಇತಿಹಾಸಕಾರರದಲ್ಲ. ಕನ್ನಡ ಸಾಹಿತ್ಯದಲ್ಲಿ ಜೀತದ ಅನುಭವವು ಪ್ರಧಾನ ವಸ್ತುವಾಗಿ ಬರಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತೇಕೆ ಎಂಬ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಈ ಎರಡು ಇತಿಹಾಸಗಳನ್ನು ಎದುರುಬದುರು ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2

1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅವರಲ್ಲಿ 39 ಲಕ್ಷಕ್ಕೂ ಹೆಚ್ಚು ಜನ ಗುಲಾಮರು. ಬಹುತೇಕ ಎಲ್ಲರೂ ದಕ್ಷಿಣದ ಸಂಸ್ಥಾನಗಳಲ್ಲಿದ್ದವರು. ಉತ್ತರದ ಸಂಸ್ಥಾನಗಳು ಈ ಪದ್ಧತಿಯನ್ನು ಕ್ರಮೇಣ ಕೈಬಿಟ್ಟಿದ್ದವು. ಹೀಗೆ ಒಂದೇ ಸಂವಿಧಾನದ ಅಡಿಯಲ್ಲಿ ಎರಡು ಬಗೆಯ ಸಮಾಜಗಳು ರೂಪುಗೊಂಡು, ಅವೆರಡರ ನಡುವೆ ನಕ್ಷೆಯ ಮೇಲೆ ತೋರಿಸಬಹುದಾದ ಒಂದು ಗೆರೆ ಏರ್ಪಟ್ಟಿತ್ತು. 1820ರ ಮಿಸೌರಿ ಒಪ್ಪಂದವಂತೂ ಪಶ್ಚಿಮದ ವಿಶಾಲ ಪ್ರದೇಶದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶವನ್ನೇ ಗುಲಾಮಗಿರಿಯ ಎಲ್ಲೆಯೆಂದು ಗೊತ್ತುಪಡಿಸಿತು.

ಮುಂದಿನ ನಾಲ್ಕು ದಶಕಗಳ ರಾಜಕಾರಣವನ್ನು ಈ ಗೆರೆಯ ಸುತ್ತಲಿನ ಜಗಳವೆಂದೇ ಓದಬಹುದು. ಗುಲಾಮನೊಬ್ಬ ತಪ್ಪಿಸಿಕೊಂಡು ಗೆರೆಯನ್ನು ದಾಟಿದರೆ ಅವನ ಸ್ಥಿತಿಯೇನು? ಅವನನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕೆಂದು 1850ರ ಕಾಯಿದೆ ಉತ್ತರದ ಪ್ರಜೆಗಳನ್ನೂ ಅಧಿಕಾರಿಗಳನ್ನೂ ಕಟ್ಟುಪಡಿಸಿತು. ಅಲ್ಲಿಯವರೆಗೆ ಗುಲಾಮಗಿರಿಯನ್ನು ದೂರದ ವಿಷಯವೆಂದು ಭಾವಿಸಿದ್ದವರ ಮನೆಬಾಗಿಲಿಗೇ ಅದು ಬಂದು ನಿಂತಿತು. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿ 1852ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದದ್ದು ಈ ಸನ್ನಿವೇಶದಲ್ಲಿ. 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯಿದೆ ಹಳೆಯ ಗೆರೆಯನ್ನು ಅಳಿಸಿತು. ಸ್ವತಂತ್ರ ಪ್ರದೇಶದಲ್ಲಿ ವಾಸಿಸಿದ ಮಾತ್ರಕ್ಕೆ ಗುಲಾಮನು ಸ್ವತಂತ್ರನಾಗುವುದಿಲ್ಲ ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿದ ಅಬ್ರಹಾಂ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಕೂಡಲೇ, ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಒಟ್ಟು ಹನ್ನೊಂದು ಸಂಸ್ಥಾನಗಳು ಆ ದಾರಿ ಹಿಡಿದವು. ಸಂಸ್ಥಾನಗಳ ಸ್ವಾಯತ್ತತೆಯೇ ಯುದ್ಧದ ಮೂಲ ಕಾರಣವೆಂಬ ವಾದ ಅನಂತರ ಪ್ರಚಾರಕ್ಕೆ ಬಂದಿತಾದರೂ, ದಕ್ಷಿಣ ಕೆರೊಲಿನಾ ತನ್ನ ನಿರ್ಧಾರಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು, ಓಡಿಹೋದ ಗುಲಾಮರನ್ನು ಉತ್ತರದ ಸಂಸ್ಥಾನಗಳು ಹಿಂದಿರುಗಿಸುತ್ತಿಲ್ಲ ಎಂಬ ದೂರು ಎಂಬುದನ್ನು ಮರೆಯುವಂತಿಲ್ಲ. ಅಂದರೆ ತನ್ನ ಸ್ವಾಯತ್ತತೆಯನ್ನು ಕೇಳಿದ ಸಂಸ್ಥಾನವೇ ಇತರ ಸಂಸ್ಥಾನಗಳ ಸ್ವಾಯತ್ತತೆಯನ್ನು ಮನ್ನಿಸಲು ಸಿದ್ಧವಿರಲಿಲ್ಲ. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲಿನ ದಾಳಿಯೊಂದಿಗೆ ಯುದ್ಧ ಆರಂಭವಾಯಿತು.

ಯುದ್ಧದ ಗುರಿ ಮೊದಲು ಒಕ್ಕೂಟದ ರಕ್ಷಣೆಯಷ್ಟೇ ಆಗಿತ್ತು. ಅದನ್ನು ವಿಮೋಚನೆಯ ಯುದ್ಧವನ್ನಾಗಿ ಮಾರ್ಪಡಿಸಿದವರಲ್ಲಿ ಗುಲಾಮರೂ ಇದ್ದರು. ಅವರು ತೋಟಗಳನ್ನು ತೊರೆದು ಉತ್ತರದ ಸೇನಾನೆಲೆಗಳಿಗೆ ಬಂದರು. ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸೈನ್ಯದಲ್ಲಿ ದುಡಿದರು. 1863ರ ಜನವರಿ 1ರ ವಿಮೋಚನಾ ಘೋಷಣೆ, 1865ರ ಡಿಸೆಂಬರಿನಲ್ಲಿ ಅಂಗೀಕಾರವಾದ ಸಂವಿಧಾನದ ಹದಿಮೂರನೆಯ ತಿದ್ದುಪಡಿ, ಇವು ಆ ಹೋರಾಟದ ಫಲಗಳು.

3

ಕನ್ನಡ ನಾಡಿನ ದಾಸ್ಯದ ಸ್ವರೂಪವನ್ನು ತಿಳಿಯಲು ಪದಗಳಿಂದ ಆರಂಭಿಸುವುದು ಉಚಿತ. 'ಗುಲಾಮ' ಅರಬ್ಬಿ ಮೂಲದ ಪದ. ಅಮೆರಿಕದ ಇತಿಹಾಸವನ್ನು ಹೇಳುವಾಗ ಕನ್ನಡ ಪಠ್ಯಗಳು ಸಾಮಾನ್ಯವಾಗಿ ಇದನ್ನೇ ಬಳಸುತ್ತವೆ. ಇದರಿಂದ ಗುಲಾಮಗಿರಿಯೆಂದರೆ ಹೊರಗಿನದು, ಕಡಲಾಚೆಯದು ಎಂಬ ಭಾವನೆ ತಾನಾಗಿಯೇ ಮೂಡುತ್ತದೆ. ಆದರೆ ಹಳಗನ್ನಡದ 'ತೊೞ್ತು', ನಡುಗನ್ನಡದ 'ತೊತ್ತು', ಕೂಲಿಯಿಲ್ಲದ ದುಡಿಮೆಯನ್ನು ಸೂಚಿಸುವ 'ಬಿಟ್ಟಿ', ಹಾಗೆಯೇ 'ಆಳು', 'ಊಳಿಗ' ಮುಂತಾದ ಪದಗಳು ಕನ್ನಡ ಸಮಾಜದ ಒಳಗೇ ಇದ್ದ ಅಧೀನತೆಯ ಹಲವು ಮೆಟ್ಟಿಲುಗಳನ್ನು ತೋರಿಸುತ್ತವೆ.

'ಜೀತ' ಎಂಬ ಪದದ ಚರಿತ್ರೆ ಇನ್ನೂ ಕುತೂಹಲಕರವಾದುದು. ಇದು ಸಂಸ್ಕೃತದ 'ಜೀವಿತ' ಶಬ್ದದ ತದ್ಭವ. ಬದುಕು, ಜೀವನೋಪಾಯ, ದುಡಿಮೆಗೆ ದೊರೆಯುವ ವೇತನ ಎಂಬವು ಇದರ ಹಳೆಯ ಅರ್ಥಗಳು. ಒಡೆಯನ ಅನ್ನವನ್ನುಂಡವನು ಅವನಿಗಾಗಿ ಪ್ರಾಣ ತೆರಬೇಕೆಂಬ ಜೋಳವಾಳಿಯ ಕಲ್ಪನೆ, ಒಡೆಯನೊಂದಿಗೆ ಸಾಯುವ ಪ್ರತಿಜ್ಞೆಯಾದ ವೇಳೆವಾಳಿ, ಇವನ್ನು ಎಂ. ಚಿದಾನಂದಮೂರ್ತಿಯವರ ಶಾಸನ ಅಧ್ಯಯನ ವಿವರವಾಗಿ ಪರಿಚಯಿಸಿದೆ. ಅನ್ನದ ಋಣವು ದೇಹದ ಋಣವಾಗುವ ತರ್ಕ ಇಲ್ಲಿದೆ. ವೀರನ ಮಟ್ಟಿಗೆ ಈ ತರ್ಕವು ಕೀರ್ತಿಯನ್ನೂ ವೀರಗಲ್ಲನ್ನೂ ತಂದುಕೊಟ್ಟರೆ, ಹೊಲದಾಳಿನ ಮಟ್ಟಿಗೆ ಅದು ತಲೆಮಾರುಗಳ ದುಡಿಮೆಯಾಯಿತು. ವೇತನವೆಂಬ ಅರ್ಥವಿದ್ದ ಪದವೇ ಸಾಲಕ್ಕೆ ಒತ್ತೆಯಾದ ದುಡಿಮೆಯ ಹೆಸರಾದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ ತಮ್ಮನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನೆಂದು ಕರೆದುಕೊಂಡಾಗ, ಈ ಮೆಟ್ಟಿಲುಗಳನ್ನೇ ತಲೆಕೆಳಗು ಮಾಡಿದರು. ಆದರೆ ಭಕ್ತಿಯ ಪರಿಭಾಷೆಯಲ್ಲಿ ಹಿರಿಮೆ ಪಡೆದ 'ದಾಸ' ಎಂಬ ಪದವು ಹೊಲಗದ್ದೆಗಳ ದಾಸ್ಯವನ್ನು ಮರೆಸುವ ಸಾಧ್ಯತೆಯೂ ಇತ್ತು ಎಂಬುದನ್ನು ಅಲ್ಲಗಳೆಯಲಾಗದು.

4

1800-01ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಬೇಸಾಯವನ್ನು ವಿವರಿಸುವಾಗ, ಕೂಲಿಗೆ ದುಡಿಯುವ 'ಕೂಲಿಯಾಳು' ಮತ್ತು ಕೊಂಡು ತಂದ 'ಮೂಲದಾಳು' ಎಂಬ ಎರಡು ವರ್ಗಗಳನ್ನು ಗುರುತಿಸಿದ್ದಾನೆ. 'ಮೂಲ' ಎಂಬ ವಿಶೇಷಣ ಗಮನಾರ್ಹ. ಕರಾವಳಿಯಲ್ಲಿ ಭೂಮಿಯ ಶಾಶ್ವತ ಹಕ್ಕನ್ನು ಸೂಚಿಸುವ 'ಮೂಲ', 'ಮೂಲಿ', 'ಮೂಲಗೇಣಿ' ಎಂಬ ಪದಗಳೂ ಇದೇ ಬುಡದವು. ಭೂಮಿಯ ಪರಿಭಾಷೆ ಮನುಷ್ಯನಿಗೂ ಅಂಟಿಕೊಂಡಿತ್ತು.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಸಾಮ್ರಾಜ್ಯದ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಕಂಪನಿಯ ಪ್ರದೇಶಗಳನ್ನು ಹೊರಗಿರಿಸಿತ್ತು. 1843ರ ಐದನೆಯ ಕಾಯಿದೆ ಬಂದಾಗ ಅದು ಹೇಳಿದ್ದು ನಾಲ್ಕು ಮಾತು: ದಾಸನೆಂಬ ನೆಲೆಯಲ್ಲಿ ಯಾರನ್ನೂ ಸರ್ಕಾರಿ ಅಧಿಕಾರಿಗಳು ಬಾಕಿ ವಸೂಲಿಗಾಗಿ ಮಾರಕೂಡದು, ಮನುಷ್ಯನ ಮೇಲಿನ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದು, ದಾಸನೆಂಬ ಕಾರಣಕ್ಕೆ ಯಾರ ಗಳಿಕೆಯನ್ನೂ ಕಸಿಯಕೂಡದು, ಸ್ವತಂತ್ರ ವ್ಯಕ್ತಿಯ ಮೇಲೆಸಗಿದರೆ ಅಪರಾಧವಾಗುವ ಕೃತ್ಯ ದಾಸನ ಮೇಲೆಸಗಿದರೂ ಅಪರಾಧವೇ. ದಾಸರನ್ನು ಇಟ್ಟುಕೊಳ್ಳುವುದನ್ನೇ ಈ ಕಾಯಿದೆ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಲಿಲ್ಲ. ದಾಸರ ಕ್ರಯವಿಕ್ರಯ ಅಪರಾಧವಾದದ್ದು 1862ರ ಜನವರಿಯಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ ಮೂಲಕ.

ಯಾರಿಗೂ ಭೂಮಿ ದೊರೆಯಲಿಲ್ಲ, ಸಾಲ ತೀರಲಿಲ್ಲ. ಕನ್ನಡ ಪ್ರದೇಶವೂ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಧಾರವಾಡ ಮುಂಬಯಿಗೆ, ಬಳ್ಳಾರಿ ಮತ್ತು ಕರಾವಳಿ ಮದರಾಸಿಗೆ, ಕಲಬುರಗಿ, ರಾಯಚೂರು, ಬೀದರ ನಿಜಾಮರಿಗೆ ಸೇರಿದ್ದವು. ಮೈಸೂರು 1831ರಿಂದ 1881ರವರೆಗೆ ಕಮಿಷನರ ಆಡಳಿತದಲ್ಲಿತ್ತು. ಆಡಳಿತದ ಗೆರೆಗಳು ಇಷ್ಟಿದ್ದರೂ ದಾಸ್ಯದಿಂದ ಬಿಡುಗಡೆಯ ಕಡೆಗೆ ದಾಟಿಸುವ ಗೆರೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಜಾತಿಯ ಶ್ರೇಣೀಕರಣ, ಭೂಮಿಯ ಒಡೆತನ, ಸಾಲ, ಈ ಮೂರರ ಕೂಡುವಿಕೆ ಎಲ್ಲ ಸೀಮೆಗಳಲ್ಲೂ ಇತ್ತು. ತುಮಕೂರಿನ ಪಕ್ಕದ ಗೂಳೂರಿನಿಂದ ಗುಬ್ಬಿ, ಕುಣಿಗಲ್ಲುಗಳವರೆಗಿನ ರಾಗಿ ಹೊಲ, ತೆಂಗಿನ ತೋಟಗಳ ಬಯಲುಸೀಮೆಯೇ ಇರಲಿ, ಮಲೆನಾಡಿನ ಅಡಕೆ ತೋಟವೇ ಇರಲಿ, ಆಳು ಒಬ್ಬ ಒಡೆಯನನ್ನು ಬಿಟ್ಟರೆ ಸೇರಬೇಕಾದದ್ದು ಇನ್ನೊಬ್ಬ ಒಡೆಯನ ಹೊಲಕ್ಕೇ.

ಅಮೆರಿಕದಲ್ಲಿ ದಾಸ್ಯವು ಪ್ರದೇಶವನ್ನು ಒಡೆದಿತ್ತು. ಆದ್ದರಿಂದ ಅದು ರಾಜ್ಯರಾಜ್ಯಗಳ ಯುದ್ಧವಾಗಬಹುದಾಗಿತ್ತು. ಇಲ್ಲಿ ಅದು ಪ್ರತಿಯೊಂದು ಊರನ್ನೂ ಊರು ಮತ್ತು ಕೇರಿ ಎಂದು ಒಡೆದಿತ್ತು. ಈ ಒಡಕಿನ ಎರಡೂ ಕಡೆಗೆ ಸೈನ್ಯಗಳಿರಲಿಲ್ಲ. ಒಂದು ಕಡೆ ಭೂಮಿ, ಧಾನ್ಯ, ಸಾಲಪತ್ರಗಳಿದ್ದರೆ ಇನ್ನೊಂದು ಕಡೆ ದುಡಿಯುವ ಕೈಗಳಷ್ಟೇ ಇದ್ದವು.

5

ಎರಡು ಇತಿಹಾಸಗಳು ಪರಸ್ಪರ ಸಂಪರ್ಕವಿಲ್ಲದೆ ನಡೆದವೆಂದು ಭಾವಿಸಬೇಕಾಗಿಲ್ಲ. ಅವನ್ನು ಬೆಸೆದದ್ದು ಹತ್ತಿ. 1840ರ ದಶಕದಲ್ಲಿ ಕಂಪನಿಯು ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜದ ಪ್ರಯೋಗ ನಡೆಸಿತು. ಗುಲಾಮರು ಬೆಳೆಯುತ್ತಿದ್ದ ಈ ತಳಿಯೇ 'ಧಾರವಾಡ-ಅಮೆರಿಕನ್' ಎಂದು ಹೆಸರಾಗಿ ಜವಾರಿ ಹತ್ತಿಯ ಪಕ್ಕದಲ್ಲಿ ನೆಲೆಯೂರಿತು.

ಯುದ್ಧಕ್ಕೆ ಮುನ್ನ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದಿಂದ ಹೋಗುತ್ತಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿತ್ತು. ಕಾರವಾರವನ್ನು ದೊಡ್ಡ ಬಂದರಾಗಿ ಬೆಳೆಸುವ ಯೋಜನೆಗಳು ಮೊಳೆತವು. ಹತ್ತಿಯ ನಾಡು ಮತ್ತು ಅದರ ಬಂದರು ಒಂದೇ ಆಡಳಿತದಲ್ಲಿರಬೇಕೆಂಬ ಒತ್ತಾಯದ ಹಿನ್ನೆಲೆಯಲ್ಲಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1956ರ ಏಕೀಕರಣದವರೆಗೆ ಉಳಿದ ಈ ವಿಭಜನೆಯ ಹಿಂದೆ ಹತ್ತಿಯ ರಾಜಕಾರಣವಿತ್ತೆಂಬುದನ್ನು ಏಕೀಕರಣದ ಚರಿತ್ರೆ ಹೇಳುವವರು ಗಮನಿಸಬೇಕು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು.

ಯುದ್ಧದ ಬೇರೊಂದು ಅರ್ಥವನ್ನು ಗ್ರಹಿಸಿದವರು ಇದೇ ಮುಂಬಯಿ ಪ್ರಾಂತದ ಪುಣೆಯಲ್ಲಿದ್ದ ಜೋತಿರಾವ್ ಫುಲೆ. 1873ರಲ್ಲಿ ಪ್ರಕಟವಾದ ತಮ್ಮ 'ಗುಲಾಮಗಿರಿ'ಯನ್ನು ಅವರು ಕಪ್ಪು ಜನರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ವರ್ತಕರು ಯುದ್ಧವನ್ನು ಹತ್ತಿಯ ಧಾರಣೆಯಾಗಿ ಓದುತ್ತಿದ್ದಾಗ ಫುಲೆ ಅದನ್ನು ಜಾತಿವ್ಯವಸ್ಥೆಯ ಕನ್ನಡಿಯಾಗಿ ಓದಿದರು.

6

ಕನ್ನಡದಲ್ಲಿ ಇಂತಹ ಓದು ಸಾಧ್ಯವಾದದ್ದು ತಡವಾಗಿ, ಅದೂ ಕಾದಂಬರಿಯ ಮೂಲಕ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮನ ಆಸೆ ಬೇಸಾಯಗಾರನಾಗುವುದು. ಅವನನ್ನು ತಡೆಯುವುದು ಸರಪಳಿಯಲ್ಲ. ಧಣಿ ಸಂಕಪ್ಪಯ್ಯನ ಮನೆಯ ಸಂಪ್ರದಾಯ ಮತ್ತು ತೀರದ ಸಾಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಘಟ್ಟವು ಗೆರೆಯಂತೆ ತೋರುತ್ತದೆ. ಆದರೆ ಅದನ್ನು ದಾಟಿದವರಿಗೆ ಅಲ್ಲಿ ದೊರೆಯುವುದು ಇನ್ನೊಂದು ಬಗೆಯ ದುಡಿಮೆ ಮತ್ತು ಜ್ವರ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಸಿಂಬಾವಿಯ ಆಳು ಗುತ್ತಿ, ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಇದನ್ನು ಸಾಮಾನ್ಯವಾಗಿ ಪ್ರೇಮದ ಸಾಹಸವಾಗಿ ಓದಲಾಗುತ್ತದೆ. ಆದರೆ ತಿಮ್ಮಿ ಇನ್ನೊಬ್ಬ ಒಡೆಯನ ಕೇರಿಯವಳು. ಅವಳ ಮದುವೆ ಯಾರೊಂದಿಗೆ ಎಂಬುದು ಆ ಒಡೆಯನ ಆಳುಬಲಕ್ಕೆ ಸಂಬಂಧಿಸಿದ ವಿಷಯ. ಅಮೆರಿಕದಲ್ಲಿ ಓಡಿಹೋಗುವ ಗುಲಾಮನ ಎದುರು ಉತ್ತರ ದಿಕ್ಕೊಂದಿತ್ತು. ಗುತ್ತಿಯ ಓಟಕ್ಕೆ ಅಂತಹ ದಿಕ್ಕಿಲ್ಲ. ಕಾಡು, ಮಳೆ, ತುಂಬಿದ ಹೊಳೆ ಇವೇ ಅವನ ಭೂಗೋಳ. ದಾಸ್ಯದ ವಿರುದ್ಧದ ಪ್ರತಿರೋಧವು ಇಲ್ಲಿ ಯುದ್ಧದ ರೂಪದಲ್ಲಿ ದಾಖಲಾಗದೆ ಇಂತಹ ಬಿಡಿ ಓಟಗಳಲ್ಲಿ ಅಡಗಿದೆ. 1970ರ ದಶಕದ ದಲಿತ ಸಾಹಿತ್ಯ, ವಿಶೇಷವಾಗಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975), ಇದನ್ನು ಸಾಮೂಹಿಕ ದನಿಯನ್ನಾಗಿ ಮಾಡಿತು.

7

ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದ್ದರೂ, ಜೀತಪದ್ಧತಿಯ ರದ್ದತಿಗೆ 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಕಾಯಿದೆ ಬೇಕಾದವು. 1843ರ ಕಾಯಿದೆ ಮುಟ್ಟದೆ ಬಿಟ್ಟದ್ದನ್ನು ಈ ಕಾಯಿದೆ ಮುಟ್ಟಿತು: ಜೀತದಾಳಿನ ಸಾಲವನ್ನೇ ಅಳಿಸಿಹಾಕಿತು. ದಾಸ್ಯದ ಬೇರು ಒಡೆತನದ ಪತ್ರದಲ್ಲಿಲ್ಲ, ಸಾಲದಲ್ಲಿದೆ ಎಂಬ ಅರಿವು ಇದರ ಹಿಂದಿದೆ. ಅಮೆರಿಕದಲ್ಲಿಯೂ ಯುದ್ಧಾನಂತರ ಪಾಲುಬೇಸಾಯ ಮತ್ತು ಮುಂಗಡ ಸಾಲಗಳು ಬಿಡುಗಡೆಗೊಂಡವರನ್ನು ಮತ್ತೆ ಕಟ್ಟಿಹಾಕಿದ್ದನ್ನು ನೆನೆದರೆ, ಯುದ್ಧವೊಂದೇ ದಾಸ್ಯವನ್ನು ಕೊನೆಗಾಣಿಸಬಲ್ಲದೆಂದು ಹೇಳಲಾಗದು. ಆದರೆ ಯುದ್ಧವು ಅಲ್ಲಿ ವಿಮೋಚನೆಗೆ ಒಂದು ದಿನಾಂಕವನ್ನೂ ಸಾರ್ವಜನಿಕ ಸ್ಮೃತಿಯನ್ನೂ ಕೊಟ್ಟಿತು. ಕನ್ನಡ ನಾಡಿನಲ್ಲಿ 1843 ಎಂಬ ಇಸವಿ ಯಾರ ನೆನಪಿನಲ್ಲಿಯೂ ಇಲ್ಲ.

ಆದ್ದರಿಂದ ಇಲ್ಲಿನ ದಾಸ್ಯದ ಚರಿತ್ರೆಯನ್ನು ಬರೆಯುವವರು ಶಾಸನಗಳ ಪದಗಳು, ಮೂಲಗೇಣಿಯ ಪತ್ರಗಳು, ಕಾದಂಬರಿಗಳ ಆಳುಮಕ್ಕಳು, ಊರೂರಿನ ಮೌಖಿಕ ನೆನಪುಗಳು ಇವನ್ನೇ ಆಕರಗಳನ್ನಾಗಿ ಸ್ವೀಕರಿಸಬೇಕಾಗುತ್ತದೆ. ಜೀತದಲ್ಲಿದ್ದು ಬಿಡುಗಡೆಗೊಂಡ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರ ಮಾತುಗಳನ್ನು ಸಂಗ್ರಹಿಸುವ ಕೆಲಸವನ್ನು ಕನ್ನಡ ವಿಭಾಗಗಳು ಕ್ಷೇತ್ರಕಾರ್ಯದ ಭಾಗವಾಗಿ ಕೈಗೆತ್ತಿಕೊಳ್ಳುವುದು ಅಗತ್ಯವಷ್ಟೇ ಅಲ್ಲ, ತುರ್ತಿನದೂ ಆಗಿದೆ.