ಶ್ವಾಸಕೋಶದಲ್ಲಿ ಬೇಲಿಯೇ ಹೊಲ ಮೇಯ್ದಾಗ

ಪ್ರಥಮ ಪಿಯುಸಿ ಜೀವಶಾಸ್ತ್ರ ಓದಿದವರಿಗೆಲ್ಲ ‘ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು’ ಗೊತ್ತು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಿರುವುದು ಅಲ್ಲಿಯೇ. ಪರೀಕ್ಷೆಯಲ್ಲಿ ಅವುಗಳ ಬಗ್ಗೆ ಬರೆದು ಅಂಕ ಪಡೆದ ನನಗೆ, ಅದೇ ಹೆಸರಿನ ಒಂದು ಅಪರೂಪದ ಕಾಯಿಲೆ ಇದೆಯೆಂದು ತಿಳಿದದ್ದು ಈಚೆಗೆ. ಯುವಕ ಯುವತಿಯರ ಶ್ವಾಸಕೋಶಕ್ಕೂ ಬರುವ ಈ ಕಾಯಿಲೆಯ ಬಗ್ಗೆ ನಮ್ಮ ವಯಸ್ಸಿನವರು ತಿಳಿದಿರುವುದು ಒಳ್ಳೆಯದೆನಿಸಿ ಇದನ್ನು ಬರೆಯುತ್ತಿದ್ದೇನೆ.

ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ 1868ರಲ್ಲಿ, ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ, ಚರ್ಮದಲ್ಲಿ ಕವಲುಗಳುಳ್ಳ ಒಂದು ಬಗೆಯ ಜೀವಕೋಶವನ್ನು ಗುರುತಿಸಿದರು. ಅವು ನರಕೋಶಗಳೆಂದು ಅವರು ಭಾವಿಸಿದ್ದರು. ನಿಜದಲ್ಲಿ ಅವು ನಮ್ಮ ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು. ಚರ್ಮದಲ್ಲೂ ಉಸಿರಾಟದ ನಾಳಗಳ ಒಳಪದರದಲ್ಲೂ ಇದ್ದುಕೊಂಡು, ಒಳಬಂದ ಸೂಕ್ಷ್ಮಜೀವಿಯ ತುಣುಕನ್ನು ಹಿಡಿದು ಟಿ-ಕೋಶಗಳಿಗೆ ತೋರಿಸುವುದು ಅವುಗಳ ಕೆಲಸ. ಇಂಥ ಜೀವಕೋಶಗಳು ಮಿತಿಮೀರಿ ಗುಂಪುಗೂಡಿ ಅಂಗಾಂಶವನ್ನೇ ಹಾಳುಮಾಡುವ ಕಾಯಿಲೆಗೆ ‘ಲ್ಯಾಂಗರ್‌ಹ್ಯಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್’ ಎಂದು ಹೆಸರು.

ಮಕ್ಕಳಲ್ಲಿ ಇದು ಹೆಚ್ಚಾಗಿ ಮೂಳೆ, ಚರ್ಮಗಳಲ್ಲಿ ಕಾಣಿಸಿಕೊಳ್ಳುತ್ತದೆ; ಅದಕ್ಕೂ ಧೂಮಪಾನಕ್ಕೂ ಸಂಬಂಧವಿಲ್ಲ. ದೊಡ್ಡವರಲ್ಲಿ ಶ್ವಾಸಕೋಶಕ್ಕೆ ಮಾತ್ರ ಬರುವ ರೂಪದ ಕಥೆ ಬೇರೆ. ಈ ರೋಗಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಧೂಮಪಾನಿಗಳು ಅಥವಾ ಹಿಂದೆ ಸೇದುತ್ತಿದ್ದವರು. ಬಹುತೇಕರ ವಯಸ್ಸು 20ರಿಂದ 40.

ಹೊಗೆ ಒಳಹೋದಾಗ ಕಿರುಶ್ವಾಸನಾಳಗಳ ಒಳಪದರ ಕೆರಳಿ ರಾಸಾಯನಿಕ ಸಂಕೇತಗಳನ್ನು ಕಳುಹಿಸುತ್ತದೆ. ಅದನ್ನು ಕೇಳಿ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಅಲ್ಲಿ ನೆರೆಯುತ್ತವೆ. ಸೇದುವ ಎಲ್ಲರಲ್ಲೂ ಇಷ್ಟು ನಡೆಯುತ್ತದೆ. ಕೆಲವರಲ್ಲಿ ಮಾತ್ರ ಅವು ಚದುರದೆ ಗಂಟುಗಳಾಗುತ್ತವೆ. ನಾಳದ ಗೋಡೆ ಕೊರೆದು ಟೊಳ್ಳಾಗಿ, ಕೊನೆಗೆ ಗಾಳಿ ತುಂಬಿದ ಗುಳ್ಳೆಗಳೂ ಕಲೆಗಟ್ಟಿದ ಅಂಗಾಂಶವೂ ಉಳಿಯುತ್ತವೆ. 2010ರಲ್ಲಿ ಸಂಶೋಧಕರು ಈ ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಮಾದರಿಗಳಲ್ಲಿ ‘ಬಿರಾಫ್’ ಎಂಬ ಜೀನ್‌ನ ಬದಲಾವಣೆಯನ್ನು ಕಂಡರು. ಕೋಶಕ್ಕೆ ‘ಬೆಳೆಯುತ್ತಿರು’ ಎಂದು ಹೇಳುವ ಸ್ವಿಚ್ ಆರದೆ ಉಳಿದಂತೆ ಇದು.

ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಆಯಾಸ, ತೂಕ ಇಳಿಯುವುದು ಇದರ ಲಕ್ಷಣಗಳು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಇನ್ನು ಕೆಲವರಲ್ಲಿ ಅಂಚಿನ ಗುಳ್ಳೆಯೊಂದು ಒಡೆದು, ಗಾಳಿ ಎದೆಗೂಡಿನೊಳಗೆ ಸೋರಿ ಶ್ವಾಸಕೋಶ ಕುಸಿಯುತ್ತದೆ. ಹಠಾತ್ತನೆ ಒಂದು ಬದಿ ಎದೆನೋವು, ಉಸಿರುಗಟ್ಟುವಿಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಿಟ್ಯುಟರಿ ಗ್ರಂಥಿಗೂ ಕಾಯಿಲೆ ಹಬ್ಬಿದವರಲ್ಲಿ ಎಡಿಎಚ್ ಕಡಿಮೆಯಾಗಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಕಾಣಿಸಿಕೊಳ್ಳುತ್ತದೆ.

ಕಾಯಿಲೆ ಹೆಚ್ಚಾಗಿ ಶ್ವಾಸಕೋಶದ ಮೇಲಿನ ಮತ್ತು ನಡುವಿನ ಭಾಗಗಳಲ್ಲಿರುತ್ತದೆ. ಕ್ಷಯವೂ ಮೇಲ್ಭಾಗವನ್ನೇ ಹೆಚ್ಚು ಹಿಡಿಯುತ್ತದೆ. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಎಕ್ಸ್‌ರೇ ನೋಡಿದ ವೈದ್ಯರಿಗೆ ಮೊದಲು ಅದರ ನೆನಪಾಗುವುದು ಸಹಜ. ಆಗ ಅವರು ಕೇಳುವ ‘ಸಿಗರೇಟ್ ಸೇದುತ್ತೀಯಾ?’ ಎಂಬ ಪ್ರಶ್ನೆಗೆ ಬಹಳ ಬೆಲೆಯಿದೆ. ಪಕ್ಕದಲ್ಲಿ ಅಬ್ಬಾ ಕೂತಿದ್ದಾರೆಂದು ‘ಇಲ್ಲ ಸರ್’ ಎಂದುಬಿಟ್ಟರೆ ದೊಡ್ಡ ಸುಳಿವೊಂದು ಅಲ್ಲೇ ಕೈತಪ್ಪುತ್ತದೆ. ಹೇಳಲು ಸಂಕೋಚವಾದರೆ ವೈದ್ಯರೊಬ್ಬರ ಬಳಿಯೇ ಮಾತಾಡಬೇಕೆಂದು ಕೇಳಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಗಂಟುಗಳೂ ವಿಚಿತ್ರ ಆಕಾರದ ಗುಳ್ಳೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಬೇಕಾದರೆ ಬಯಾಪ್ಸಿ ಮಾಡುತ್ತಾರೆ.

ಚಿಕಿತ್ಸೆಯ ಮೊದಲ ಹೆಜ್ಜೆ ಸಿಗರೇಟ್ ಬಿಡುವುದು. ಅದೊಂದರಿಂದಲೇ ಹಲವರ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ, ಕೆಲವರಲ್ಲಿ ಗಂಟುಗಳು ಕರಗುತ್ತವೆ. ಬಿಟ್ಟರೂ ಉಲ್ಬಣಿಸಿದರೆ ಔಷಧಿಗಳಿವೆ. ತೀರಾ ಕೆಟ್ಟಾಗ ಶ್ವಾಸಕೋಶದ ಕಸಿ. ಕಸಿಯಾದ ಮೇಲೆ ಮತ್ತೆ ಸೇದಲು ಶುರುಮಾಡಿ, ಹೊಸ ಶ್ವಾಸಕೋಶದಲ್ಲೂ ಕಾಯಿಲೆ ಮರಳಿದ ಉದಾಹರಣೆಗಳಿವೆ.

‘ಅಪರೂಪದ ಕಾಯಿಲೆ ತಾನೇ, ನಮಗೇಕೆ ಬರುತ್ತದೆ?’ ಎಂದು ಗೆಳೆಯರು ಕೇಳಬಹುದು. ಬಾರದೆಯೂ ಇರಬಹುದು. ಆದರೆ ಯಾರ ಶ್ವಾಸಕೋಶದಲ್ಲಿ ಬೇಲಿ ಎದ್ದು ಹೊಲ ಮೇಯುತ್ತದೆಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಸೇದದ ಕೆಲವರಿಗೂ ಇದು ಬರುತ್ತದೆ, ಆದ್ದರಿಂದ ರೋಗಿಯನ್ನು ದೂಷಿಸುವ ಹಕ್ಕು ನಮಗಿಲ್ಲ. ದೇಹ ಅಲ್ಲಾಹನು ನಮ್ಮನ್ನು ನಂಬಿ ಒಪ್ಪಿಸಿದ ಅಮಾನತ್ ಎಂದು ಮನೆಯಲ್ಲಿ, ಮದ್ರಸದಲ್ಲಿ ಕೇಳುತ್ತಲೇ ಬೆಳೆದವರು ನಾವು. ಈಗಾಗಲೇ ಅಭ್ಯಾಸಕ್ಕೆ ಬಿದ್ದವರಿಗೆ ನೆರವು ಬೇಕಿದ್ದರೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಸಿಗರೇಟ್ ಪ್ಯಾಕಿನ ಮೇಲೆಯೇ ಆ ಸಂಖ್ಯೆ ಅಚ್ಚಾಗಿರುತ್ತದೆ.