ಸಾವಿರ ಡಾಲರಿನ ಮಾತ್ರೆ ಮತ್ತು ನನ್ನ ಬಸ್ ಚಾರ್ಜು

ನಾನು ಹನ್ನೆರಡು ವಾರ ದಿನಾ ರಾತ್ರಿ ಊಟವಾದ ಮೇಲೆ ಎರಡು ಮಾತ್ರೆ ನುಂಗಿದ್ದೇನೆ. ಅದರಲ್ಲಿ ಒಂದರ ಹೆಸರು ಸೊಫೊಸ್ಬುವಿರ್. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಾಗ ಗಿಲಿಯಡ್ ಕಂಪನಿ ಇಟ್ಟ ಬೆಲೆ ಒಂದು ಮಾತ್ರೆಗೆ 1,000 ಡಾಲರ್. ಒಂದು ಕೋರ್ಸಿಗೆ 84 ಮಾತ್ರೆ, ಅಂದರೆ 84 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ಐವತ್ತು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಒಂದೆಕರೆ ಹೊಲ, ಮನೆ, ಎಮ್ಮೆ, ಅಪ್ಪನ ಹಳೇ ಟಿವಿಎಸ್ ಎಲ್ಲ ಮಾರಿದರೂ ಆ ಅಂಕಿಯ ಹತ್ತಿರಕ್ಕೆ ಹೋಗುವುದಿಲ್ಲ.

ನನಗೆ ಅದು ಪುಕ್ಕಟೆ ಸಿಕ್ಕಿತು. ಆದರೆ ಸಿಗುತ್ತದೆ ಎಂದು ಗೊತ್ತಾಗುವುದಕ್ಕೇ ಸುಮಾರು ಮೂರು ತಿಂಗಳು ಹಿಡಿಯಿತು.

2022ರಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಆಗಸ್ಟ್‌ನಲ್ಲಿ ಎನ್ನೆಸ್ಸೆಸ್ಸಿನವರು ರಕ್ತದಾನ ಶಿಬಿರ ಇಟ್ಟಿದ್ದರು. ಬಿಸ್ಕತ್ತು, ಜ್ಯೂಸು, ಪ್ರಮಾಣಪತ್ರ ಎಲ್ಲ ಆಯಿತು. ವಾರದ ನಂತರ ರಕ್ತನಿಧಿಯಿಂದ ಫೋನ್ ಬಂತು: ‘ನಿಮ್ಮ ರಕ್ತ ಬಳಸೋಕೆ ಬರೋದಿಲ್ಲ, ಹೆಪಟೈಟಿಸ್ ಸಿ ತೋರಿಸುತ್ತಿದೆ, ಲಿವರ್ ಡಾಕ್ಟರಿಗೆ ತೋರಿಸಿ.’ ನನಗೆ ಜ್ವರವಿಲ್ಲ, ನೋವಿಲ್ಲ. ದಿನಾ ಬೆಳಿಗ್ಗೆ ಮಲಪ್ರಭಾ ಸೇತುವೆಯವರೆಗೆ ಓಡುತ್ತಿದ್ದೆ, ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆಂದು. ಈ ವೈರಸ್ಸಿನ ಗುಣವೇ ಹಾಗಂತೆ. ಇಪ್ಪತ್ತು ವರ್ಷ ಸುಮ್ಮನಿದ್ದು ಯಕೃತ್ತನ್ನು ಗಟ್ಟಿ ಮಾಡುತ್ತ ಹೋಗುತ್ತದೆ; ಕೆಲವರಿಗೆ ಕಡೆಗೆ ಕ್ಯಾನ್ಸರಿಗೂ ತಿರುಗುತ್ತದೆ. ತಡೆಯಲು ಲಸಿಕೆ ಇಲ್ಲ. ನನಗೆ ಎಲ್ಲಿಂದ ಬಂತೋ ಯಾರೂ ಹೇಳಲಾರರು. ಚಿಕ್ಕಂದಿನಲ್ಲಿ ನೆಗಡಿಗೂ ಸೂಜಿ ಮಾಡಿಸಿಕೊಂಡ ಊರು ನಮ್ಮದು. ಸವದತ್ತಿ ಜಾತ್ರೆಯಲ್ಲಿ ಹಾಕಿಸಿದ ಹಚ್ಚೆಯೂ ಮುಂಗೈ ಮೇಲಿದೆ.

ಮೊದಲು ಹೋದದ್ದು ಒಂದು ಖಾಸಗಿ ದವಾಖಾನೆಗೆ. ವೈರಲ್ ಲೋಡ್ ಪರೀಕ್ಷೆ, ಸ್ಕ್ಯಾನು, ಮೂರು ತಿಂಗಳ ಮಾತ್ರೆ ಎಲ್ಲ ಸೇರಿ ಅರವತ್ತು ಸಾವಿರದ ಚೀಟಿ ಕೈಗೆ ಬಂತು. ಸರ್ಕಾರದಲ್ಲಿ ಸಿಗುತ್ತದೆಯೇ ಎಂದು ಅಪ್ಪ ಕೇಳಿದ್ದಕ್ಕೆ ಅಲ್ಲಿದ್ದವರು ‘ಅಲ್ಲೆಲ್ಲ ಈ ಔಷಧ ಎಲ್ಲಿ ಬರಬೇಕು’ ಎಂದರು. ಅವ್ವ ಎಮ್ಮೆ ಮಾರುವ ಮಾತು ತೆಗೆದಳು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿ ಮುಂಗಡ ಎತ್ತುವ ಲೆಕ್ಕ ಹಾಕಿದ. ಓಣಿಯವರು ಇದನ್ನು ಕಾಮಣಿ ಅಂದುಕೊಂಡು ಬೇರು ಕೊಡುವವರ, ಮುಂಗೈಗೆ ಬರೆ ಹಾಕುವವರ ವಿಳಾಸ ಹೇಳಿದರು. ಅವ್ವ ನನ್ನ ತಾಟು, ಲೋಟ ಬೇರೆ ಇಟ್ಟಳು. ಒಟ್ಟಿಗೆ ಉಣ್ಣುವುದರಿಂದ, ಮುಟ್ಟುವುದರಿಂದ ಇದು ಬರುವುದಿಲ್ಲ, ರಕ್ತದಿಂದ ರಕ್ತಕ್ಕೆ ಹೋದರೆ ಮಾತ್ರ ಎಂದು ಮುಂದೆ ವೈದ್ಯರು ಹೇಳಿದ ಮೇಲೆ ಆ ತಾಟು ಮತ್ತೆ ಎಲ್ಲರ ತಾಟುಗಳ ಜೊತೆ ಸೇರಿತು. ರೇಜರು, ಉಗುರು ಕತ್ತರಿ ಮಾತ್ರ ನನ್ನವು ನನಗೇ.

ದಾರಿ ತೋರಿಸಿದ್ದು ಒಂದು ಜನರಲ್ ನಾಲೆಜ್ ಪುಸ್ತಕ. ನನ್ನ ಗೆಳೆಯನೊಬ್ಬ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಒಂದು ಸಂಜೆ ನನಗೆ ಪ್ರಶ್ನೆ ಕೇಳುತ್ತ ಕೂತಿದ್ದ: ವಿಶ್ವ ಹೆಪಟೈಟಿಸ್ ದಿನ ಯಾವಾಗ? ಜುಲೈ 28. 2020ರ ವೈದ್ಯಕೀಯ ನೊಬೆಲ್ ಯಾರಿಗೆ? ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್. ಹೆಪಟೈಟಿಸ್ ಸಿ ವೈರಸ್ ಪತ್ತೆಗೆ. ಅದರ ಕೆಳಗೇ ಇನ್ನೊಂದು ಸಾಲಿತ್ತು: ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ, 2018ರ ಜುಲೈ 28ರಂದು ಆರಂಭ, ಉಚಿತ ಪರೀಕ್ಷೆ ಮತ್ತು ಔಷಧ. ಪುಸ್ತಕದ ಪ್ರಕಾರ ಅದು ಒಂದು ಅಂಕದ ವಿಷಯ. ನಾನು ಆ ಪುಟದ ಫೋಟೊ ತೆಗೆದುಕೊಂಡೆ.

ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ಐವತ್ತು ಲಕ್ಷದ ಮಾತ್ರೆ ನಮ್ಮಂಥವರ ತನಕ ಹೇಗೆ ಇಳಿದು ಬಂತು ಎಂಬುದು ನನಗೆ ಕಾಯಿಲೆಗಿಂತ ಹೆಚ್ಚು ಆಶ್ಚರ್ಯ ಹುಟ್ಟಿಸಿತು. ಈ ಔಷಧ ಮಾಡಲು ತಗಲುವ ಖರ್ಚೆಷ್ಟು ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿದ್ದರು. ಹನ್ನೆರಡು ವಾರದ ಕೋರ್ಸಿಗೆ 68ರಿಂದ 136 ಡಾಲರ್! ಉಳಿದದ್ದೆಲ್ಲ ಪೇಟೆಂಟಿನ ಬೆಲೆ. ನಮ್ಮ ದೇಶದಲ್ಲಿ ಆ ಪೇಟೆಂಟಿಗೆ ರೋಗಿಗಳ ಪರ ಕೆಲಸ ಮಾಡುವ ಸಂಘಟನೆಗಳು ಆಕ್ಷೇಪಣೆ ಹಾಕಿದವು. ದೆಹಲಿಯ ಎಚ್‌ಐವಿ ಸೋಂಕಿತರದೇ ಒಂದು ಸಂಘ ಅದರಲ್ಲಿತ್ತು. 2015ರ ಜನವರಿಯಲ್ಲಿ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. ವಿಷಯ ಹೈಕೋರ್ಟಿಗೆ ಹೋಗಿ ಬಂದು 2016ರಲ್ಲಿ ಪೇಟೆಂಟ್ ಸಿಕ್ಕೇ ಸಿಕ್ಕಿತು. ಅಷ್ಟರೊಳಗೆ ಬೇರೆಯದೇ ಒಂದು ಬಾಗಿಲು ತೆರೆದಿತ್ತು. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಏಳು ಭಾರತೀಯ ಕಂಪನಿಗಳಿಗೆ ರಾಯಧನದ ಮೇಲೆ ಔಷಧ ತಯಾರಿಸಿ 91 ದೇಶಗಳಲ್ಲಿ ಮಾರುವ ಪರವಾನಗಿ ಕೊಟ್ಟಿತ್ತು. ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಆ ಏಳರಲ್ಲಿ ಒಂದು. 2015ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ 28 ಮಾತ್ರೆಯ ಬಾಟಲಿಗೆ 19,900 ರೂಪಾಯಿ ದರ ಇಟ್ಟಿತು. ಕಂಪನಿಗಳು ಹೆಚ್ಚಿದಂತೆ ಬೆಲೆ ಇಳಿಯುತ್ತ ಹೋಯಿತು. ಸರ್ಕಾರ ಸಗಟಾಗಿ ಕೊಂಡು ಪುಕ್ಕಟೆ ಹಂಚಲು ಸಾಧ್ಯವಾದದ್ದು ಹೀಗೆ. ಅದೇ 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಗ್ರೆಗ್ ಜೆಫ್ರಿಸ್ ಎಂಬ ರೋಗಿ ವಿಮಾನ ಹತ್ತಿ ಚೆನ್ನೈಗೆ ಬಂದು ಈ ಮಾತ್ರೆ ಕೊಂಡು ಹೋಗಿ ಗುಣವಾದರು. ಸಮುದ್ರದಾಚೆಯವರಿಗೆ ಗೊತ್ತಿದ್ದ ಸುದ್ದಿ ಹೈವೇ ಪಕ್ಕದ ನಮ್ಮೂರಿಗೆ ಬರಲು ಇನ್ನೂ ಏಳು ವರ್ಷ ಬೇಕಾಯಿತು.

ನಾನು ಹೋದ ಸರ್ಕಾರಿ ಆಸ್ಪತ್ರೆಯ ಹೆಸರು ಬೇಡ. ಮೊದಲ ದಿನ ಯಾವ ಕೌಂಟರಿನವರಿಗೂ ಈ ಕಾರ್ಯಕ್ರಮದ ಹೆಸರು ಗೊತ್ತಿರಲಿಲ್ಲ. ಫೋಟೊ ತೋರಿಸುತ್ತ ಮಹಡಿ ಹತ್ತಿ ಇಳಿದೆ. ಕೊನೆಗೆ ಸಿಕ್ಕ ಕೋಣೆಯಲ್ಲಿ ಆಧಾರ್ ನೋಡಿದವರು, ‘ಹುಬ್ಬಳ್ಳಿಯವರಾ? ಇಲ್ಲಿಗ್ಯಾಕ ಬಂದೀರಿ, ಅಲ್ಲೇ ದೊಡ್ಡ ದವಾಖಾನಿ ಐತೆಲ್ಲ’ ಎಂದರು. ‘ಅದು ಬ್ಯಾರೆ ಹುಬ್ಬಳ್ಳಿರಿ, ನಮ್ಮದು ಎಂ.ಕೆ. ಹುಬ್ಬಳ್ಳಿ’ ಎಂದೆ. ಆಧಾರಿನಲ್ಲಿ ತಾಲ್ಲೂಕು ಇನ್ನೂ ಬೈಲಹೊಂಗಲ, ನಾನು ಬಾಯಲ್ಲಿ ಹೇಳಿದ್ದು ಕಿತ್ತೂರು. ಅವರ ಅನುಮಾನ ಜಾಸ್ತಿಯಾಯಿತು. ಗಂಗಾಂಬಿಕೆಯ ಐಕ್ಯಸ್ಥಳ ಅಂದೆ, ಸಕ್ಕರೆ ಕಾರ್ಖಾನೆ ಅಂದೆ. ಪಕ್ಕದಲ್ಲಿ ಕೂತಿದ್ದ ನರ್ಸಮ್ಮ ‘ಹೌದ್ರಿ, ಹೈವೇ ಮ್ಯಾಲ ಬರ್ತೈತಿ’ ಅಂದ ಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರು ಬಿತ್ತು.

ವೈರಲ್ ಲೋಡಿಗೆ ರಕ್ತ ಕೊಟ್ಟೆ. ವರದಿಗೆ ಎರಡು ಸಲ ಬಸ್ ಚಾರ್ಜು ಹಾಕಿಕೊಂಡು ಹೋಗಿ ಬರಿಗೈಲಿ ಬಂದೆ. ಮೂರನೇ ಸಲ ಸಿಕ್ಕಿತು. ಯಕೃತ್ತು ಇನ್ನೂ ಕೆಟ್ಟಿಲ್ಲ ಎಂದರು. ಡಿಸೆಂಬರಿನಲ್ಲಿ 28 ದಿನದ ಎರಡು ಬಾಟಲಿ ಕೈಗೆ ಬಂದವು: ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್. ಬಿಪಿಎಲ್ ಕಾರ್ಡ್ ಕೇಳಲಿಲ್ಲ, ಒಂದು ಪೈಸೆ ಕೇಳಲಿಲ್ಲ. ನನ್ನ ಜೊತೆ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಹತ್ತು ವರ್ಷದ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡವರು. ವಾರಕ್ಕೊಂದು ಸೂಜಿಯಂತೆ ವರ್ಷವಿಡೀ. ಕೂದಲು ಉದುರಿ, ಚಳಿಜ್ವರದಲ್ಲಿ ನಡುಗಿ, ಅಂಗಡಿ ಮಾರಿದ ಮೇಲೂ ವೈರಸ್ ಹೋಗಿರಲಿಲ್ಲ. ಈಗಿನ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಗುಣವಾಗುತ್ತಾರೆ ಎಂದು ವೈದ್ಯರು ಹೇಳಿದಾಗ ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ನನಗೆ ಸ್ವಲ್ಪ ತಲೆನೋವು, ಸುಸ್ತು ಬಿಟ್ಟರೆ ಏನೂ ಆಗಲಿಲ್ಲ. ಮಾತ್ರೆ ಮುಗಿದು ಹನ್ನೆರಡು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ. ವೈರಸ್ ಪತ್ತೆಯಾಗಿಲ್ಲ ಎಂದು ಬಂತು.

ಇಲ್ಲೊಂದು ತೊಡಕು ಇದೆ, ಕೆಲಸ ಹುಡುಕುವವರು ಗಮನಿಸಬೇಕಾದದ್ದು. ಗುಣವಾದ ಮೇಲೂ ಮೊದಲ ಹಂತದ ಆಂಟಿಬಾಡಿ ಪರೀಕ್ಷೆ ಸಾಮಾನ್ಯವಾಗಿ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ. ವೈರಸ್ ಇದೆಯೋ ಇಲ್ಲವೋ ಹೇಳುವುದು ಆರ್‌ಎನ್‌ಎ ಪರೀಕ್ಷೆ. ಎಚ್‌ಐವಿ ಇರುವವರಿಗೆ ಉದ್ಯೋಗದಲ್ಲಿ ಭೇದ ಮಾಡಬಾರದೆಂದು 2017ರ ಕಾಯ್ದೆ ಇದೆ. ಅದು ಹೆಪಟೈಟಿಸ್ ಇರುವವರನ್ನು ಒಳಗೊಳ್ಳುವುದಿಲ್ಲ. ಹಾಗಾಗಿ ಚಿಕಿತ್ಸೆಯ ಕಾರ್ಡು, ಕೊನೆಯ ವರದಿ ಎರಡನ್ನೂ ಲ್ಯಾಮಿನೇಟ್ ಮಾಡಿಸಿ ಅಂಕಪಟ್ಟಿಗಳ ಫೈಲಿನಲ್ಲೇ ಇಟ್ಟಿದ್ದೇನೆ. ನಾಳೆ ಮೆಡಿಕಲ್‌ನಲ್ಲಿ ಕೇಳಿದರೆ ತೋರಿಸಬೇಕಲ್ಲ. ತೋರಿಸಿದರೆ ಒಪ್ಪುತ್ತಾರೆಯೇ ಎಂಬ ಅಳುಕು ಪೂರ್ತಿ ಹೋಗಿಲ್ಲ.

ಅಪ್ಪ, ಅವ್ವ, ತಮ್ಮ ಮೂವರಿಗೂ ಪರೀಕ್ಷೆ ಮಾಡಿಸಿದೆವು, ಯಾರಿಗೂ ಇಲ್ಲ. ಮೊನ್ನೆ ಕಬ್ಬಿನ ಲಾರಿ ಓಡಿಸುವ ನಮ್ಮ ಓಣಿಯವರೊಬ್ಬರು ಕತ್ತಲಾದ ಮೇಲೆ ಮನೆಗೆ ಬಂದರು, ಕೈಯಲ್ಲಿ ನನ್ನದರಂಥದೇ ಒಂದು ವರದಿ. ಅದರ ಹಿಂಬದಿಯಲ್ಲಿ ಯಾವ ಮಹಡಿ, ಯಾವ ಕೋಣೆ, ಏನೇನು ಕಾಗದ ಒಯ್ಯಬೇಕು ಎಂದು ಬರೆದುಕೊಟ್ಟೆ. ಕೆಳಗೆ ಗೆರೆ ಎಳೆದು ಇದನ್ನೂ ಸೇರಿಸಿದೆ: ಊರು ಕೇಳಿದರೆ ಬರೀ ಹುಬ್ಬಳ್ಳಿ ಅನ್ನಬೇಡಿ.