ಗುಡುಗು ಮೋಡದ ಚಪ್ಪಟೆ ತಲೆ

ಝಳಕಿಯಿಂದ ಸೋಲಾಪುರದತ್ತ ಹೋಗುವ ರಸ್ತೆಯಲ್ಲಿ ನಿಂತರೆ ಸುತ್ತಲೂ ಬಯಲು. ದೂರದ ಮೋಡವೂ ಬುಡದಿಂದ ತಲೆಯವರೆಗೆ ಕಾಣುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ನಂತರ ಏಳುವ ಕೆಲವು ಮೋಡಗಳ ತಲೆ ಚಪ್ಪಟೆಯಾಗಿ, ಕಮ್ಮಾರನ ಅಡಿಗಲ್ಲಿನಂತೆ ಒಂದು ಬದಿಗೆ ಚಾಚಿರುತ್ತದೆ. ಕಣದಲ್ಲಿ ಬಿಳಿಜೋಳ, ಶೆಡ್ಡಿನಲ್ಲಿ ಒಣದ್ರಾಕ್ಷಿ ಇರುವ ಕಾಲದಲ್ಲಿ ಈ ಆಕಾರದ ಅರ್ಥವನ್ನು ರೈತರು ತಿಳಿದಿರುವುದು ಅವಶ್ಯ.

ಬಿಸಿಲಿಗೆ ಕಾದ ಎರೆಭೂಮಿಯ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಏರಿದಂತೆಲ್ಲ ತಂಪಾಗಿ, ಅದರಲ್ಲಿನ ಆವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖವು ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಸುಮಾರು 16 ಕಿ.ಮೀ. ಎತ್ತರದಲ್ಲಿ ಈ ಏರಿಕೆಗೆ ತಡೆ ಉಂಟು. ಅದರಾಚೆಗಿನ ಗಾಳಿ ಮೇಲೆ ಹೋದಂತೆ ತಣ್ಣಗಾಗುವುದಿಲ್ಲ. ಅಟ್ಟಕ್ಕೆ ತಾಗಿದ ಹೊಗೆಯಂತೆ ಮೋಡ ಅಲ್ಲಿ ಅಡ್ಡಲಾಗಿ ಹರಡುತ್ತದೆ. ಆ ಭಾಗವೆಲ್ಲ ಹಿಮದ ಹರಳು.

ಚಾಚಿದ ದಿಕ್ಕನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ತಲೆ ಪೂರ್ವಕ್ಕೆ ಚಾಚುತ್ತದೆ. ಮುಂಗಾರಿನಲ್ಲಿ ಇದು ತಿರುವುಮುರುವು: ಕೆಳಗಿನ ಮೋಡ ಪೂರ್ವಕ್ಕೆ ಓಡುತ್ತಿದ್ದರೂ ಮೇಲಿನ ಗಾಳಿ ಪೂರ್ವದಿಂದ ಬರುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಪಶ್ಚಿಮದ ಮೋಡದ ತಲೆ ನಮ್ಮ ಮೇಲಕ್ಕೆ ಬಂದಿದ್ದರೆ, ಮಳೆ ಇನ್ನೂ ದೂರವಿರುವಾಗಲೇ ತಾಡಪತ್ರಿ ಹೊದಿಸಲು ಸಮಯ ಸಿಗುತ್ತದೆ. ಪ್ರತಿ ಮೋಡವೂ ನಮ್ಮೂರಿಗೇ ಬರುವುದೆಂದೇನಿಲ್ಲ. ಆದರೆ ಹೊದಿಸಿದ್ದರಿಂದ ನಷ್ಟವಿಲ್ಲ.

ಇಂಥ ಮೋಡದೊಳಗೆ ಮೇಲೇರುವ ಗಾಳಿ ಬಲವಾಗಿದ್ದರೆ ಹಿಮದ ಕಾಳುಗಳು ಬೀಳದೆ ತೇಲುತ್ತವೆ. ಹೆಪ್ಪುಗಟ್ಟದೆ ಉಳಿದ ಅತಿ ತಣ್ಣನೆಯ ಹನಿಗಳು ಅವಕ್ಕೆ ಅಂಟಿ ಆಣೆಕಲ್ಲು ಬೆಳೆಯುತ್ತದೆ. ಗಾಳಿ ಹೊರಲಾರದಷ್ಟು ತೂಕವಾದಾಗ ನೆಲಕ್ಕೆ ಬೀಳುತ್ತದೆ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದಲ್ಲಿ ಬೆಳೆ ಹಾಳುಮಾಡಿದ್ದು ಇದೇ ಬಗೆಯ ಮಳೆ.

ಚಪ್ಪಟೆ ತಲೆಯ ಅಡಿಯಲ್ಲಿ ಕೆಲವೊಮ್ಮೆ ಎಮ್ಮೆಯ ಕೆಚ್ಚಲಿನಂತೆ ಉಬ್ಬುಗಳು ಜೋತುಬೀಳುತ್ತವೆ. ತಣ್ಣಗಾಗಿ ಭಾರವಾದ ಹರಳುಗಾಳಿ ಕೆಳಗಿಳಿಯುವುದರಿಂದ ಅವು ಉಂಟಾಗುತ್ತವೆ. ನೋಡಲು ಭಯಂಕರವಾದರೂ ಆ ಉಬ್ಬುಗಳಿಂದಲೇ ಅಪಾಯವಿಲ್ಲ. ಅಂಜಬೇಕಾದದ್ದು ಸಿಡಿಲಿಗೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಸಿಡಿಲು ಬಡಿದ ದೂರ ಕಿ.ಮೀ.ಗಳಲ್ಲಿ ತಿಳಿಯುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಕೆಲಸ ಬಿಟ್ಟು ಪಕ್ಕಾ ಮನೆಯೊಳಗೆ ಸೇರಬೇಕು. ಬಯಲಿನ ಒಂಟಿ ಬೇವಿನ ಮರದಡಿ ನಿಲ್ಲಕೂಡದು, ದನಗಳನ್ನೂ ಕಟ್ಟಕೂಡದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆಯೇ ಹೊಲಕ್ಕೆ ಮರಳಬೇಕು.